ಕೆಂಪಿಯ ಉಸಿರಿನ ಸದ್ದು: ಚೇತುಗೆ ದೊಡ್ಡಮ್ಮನ ಪತ್ರ

ಚೇತು,

ನಿನ್ನ ಮೇಲ್ ನಿನ್ನೆ ರಾತ್ರಿ ಓದಿದೆ. ಬೆಳಗ್ಗೆ ಎದ್ದು ಮತ್ತೆ ಓದಿದೆ. ಆಫೀಸಿನ ಗಲಾಟೆ, ಹೊಸ ಮನೆಯ ಅಡ್ವಾನ್ಸು, ನಿಮ್ಮಮ್ಮನ ಮಂಡಿ ನೋವು, ಇದೆಲ್ಲ ನಮಗಿಬ್ಬರಿಗೂ ಗೊತ್ತಿರುವುದೇ. ಅದಕ್ಕೆ ಉತ್ತರ ಬರೆಯುತ್ತಾ ಕೂರುವುದಿಲ್ಲ. ಆದರೆ ನಡುವೆ ಒಂದು ಸಾಲು ಸೇರಿಸಿದ್ದೀಯಲ್ಲ, "ಎರಡು ರಾತ್ರಿಯಿಂದ ಕೆಂಪಿ ಉಸಿರಾಡುವಾಗ ಸಣ್ಣಗೆ ಸೀಟಿ ಹೊಡೆದ ಹಾಗೆ ಸದ್ದು ಬರ್ತಿದೆ ದೊಡ್ಡಮ್ಮ, ಚಳಿಗೆ ಇರಬೇಕು, ತಾನಾಗೇ ಹೋಗುತ್ತೆ ಬಿಡಿ" ಅಂತ. ಮುಂದಿನ ಸಾಲಿನಲ್ಲಿ ನೀನು ಮೆಟ್ರೋ ವಿಷಯಕ್ಕೆ ಹೋಗಿಬಿಟ್ಟಿದ್ದೀಯ. ನನಗೆ ಹೋಗಲು ಆಗಲಿಲ್ಲ.

ಹಾವು ಸಾಕಬೇಕಾ ಬೇಡವಾ ಅನ್ನುವ ಮಾತು ನಮ್ಮ ಮನೆಯಲ್ಲಿ ಸಾಕಷ್ಟು ಆಗಿದೆ. ಅದನ್ನು ಮತ್ತೆ ಎತ್ತುವುದಿಲ್ಲ. ಕೆಂಪಿ ಈಗ ನಿನ್ನ ಮನೆಯಲ್ಲಿದೆ, ಅಷ್ಟೇ.

ಆ ಸದ್ದು ಯಾವ ಥರದ್ದು, ಸ್ವಲ್ಪ ಕಿವಿಗೊಟ್ಟು ಕೇಳು. ಕೆಂಪಿಯ ಜಾತಿಯ ಹೆಬ್ಬಾವುಗಳು, ಈ ಬ್ಲಡ್ ಪೈಥಾನ್‌ಗಳು, ಸಿಟ್ಟು ಬಂದರೆ ಜೋರಾಗಿ ಬುಸುಗುಡುತ್ತವೆ. ಮೈ ಉಬ್ಬಿಸಿ ಗಾಳಿ ಬಿಡುತ್ತವೆ. ಅದು ಹೆದರಿಸಲು ಮಾಡುವ ಸದ್ದು, ಅದಕ್ಕೆ ನನಗೆ ಯೋಚನೆ ಇಲ್ಲ. ಪೊರೆ ಬಿಡುವ ಹೊತ್ತಿನಲ್ಲಿ ಮೂಗಿನ ಹೊಳ್ಳೆಯಲ್ಲಿ ಹಳೇ ಚರ್ಮ ಸಿಕ್ಕಿಕೊಂಡರೂ ಸಣ್ಣ ಸೀಟಿ ಬರುತ್ತದೆ. ಅದರ ಕಣ್ಣು ಮಂಜಾಗಿದೆಯಾ? ಮೈಬಣ್ಣ ಮಂಕಾಗಿದೆಯಾ? ಹಾಗಿದ್ದರೆ ಪೊರೆಯದ್ದೇ ಇರಬಹುದು. ಇರಲಿ ಅಂತ ನನ್ನ ಆಸೆ. ಆದರೆ ಯಾರೂ ಮುಟ್ಟದೆ, ಸುಮ್ನೆ ಮಲಗಿದ್ದಾಗ, ಅದೂ ರಾತ್ರಿ ಚಳಿ ಏರಿದ ಮೇಲೆ ಬರುವ ಸದ್ದನ್ನು ಬಿಡಿ ಅನ್ನಬೇಡ. ಬಾಯಿ ಸ್ವಲ್ಪ ತೆರೆದುಕೊಂಡೇ ಉಸಿರಾಡುತ್ತಿದ್ದರೆ, ತಲೆ ಮೇಲಕ್ಕೆತ್ತಿ ಇಟ್ಟುಕೊಂಡಿದ್ದರೆ, ಮೂಗಿನಲ್ಲೋ ತುಟಿಯಂಚಿನಲ್ಲೋ ಗುಳ್ಳೆ, ಲೋಳೆ ಕಂಡರೆ, ಅದು ಶ್ವಾಸಕೋಶದ ಸೋಂಕು ಅಂತಲೇ ತಿಳಿದು ಡಾಕ್ಟರ ಹತ್ತಿರ ಹೊರಡು. ಬಾಯಿ ನೀನೇ ಬಿಡಿಸಿ ನೋಡಲು ಹೋಗಬೇಡ.

ನನಗೆ ಯಾಕೆ ಇಷ್ಟು ಭಯ ಅಂದರೆ, ಹಾವಿಗೆ ನಮ್ಮ ಹಾಗೆ ಕೆಮ್ಮಲು ಬರುವುದಿಲ್ಲ. ನಮಗೆ ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಸ್ನಾಯುವಿನ ಪರದೆ ಇದೆ, ಗಟ್ಟಿಯಾಗಿ ಕೆಮ್ಮಿ ಕಫ ಹೊರಗೆ ಹಾಕುತ್ತೇವೆ. ಹಾವಿಗೆ ಆ ವಪೆಯೇ ಇಲ್ಲ. ಪಕ್ಕೆಲುಬಿನ ಸ್ನಾಯುಗಳಿಂದಲೇ ಉಸಿರು ಎಳೆದು ಬಿಡಬೇಕು. ಹೆಬ್ಬಾವಿಗೆ ಎರಡು ಶ್ವಾಸಕೋಶ ಇವೆ, ಬಲಗಡೆಯದು ಉದ್ದ, ಎಡಗಡೆಯದು ಚಿಕ್ಕದು. ಆ ಉದ್ದದ ಚೀಲದ ತಳದಲ್ಲಿ ಲೋಳೆ ಒಮ್ಮೆ ಕೂತರೆ ಹೊರಗೆ ಬರುವುದು ಬಹಳ ಕಷ್ಟ. ನಮಗೆ ಸದ್ದು ಕೇಳಿಸುವ ಹೊತ್ತಿಗೆ ಅದು ಒಳಗೆ ಎಷ್ಟು ದಿನದಿಂದ ಒದ್ದಾಡುತ್ತಿತ್ತೋ.

ಇದನ್ನು ನಾನು ಎಷ್ಟು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೇನೆ. ತುಮಕೂರಿನಲ್ಲಿದ್ದಾಗ ಒಂದು ಜನವರಿ, ಇದೇ ಉಸಿರಾಟದ ಪಾಠ ನಡೆಯುತ್ತಿತ್ತು, ಲ್ಯಾಬಿನಲ್ಲಿ ಓತಿಕ್ಯಾತ ಕೊಯ್ದು ತೋರಿಸುತ್ತಿದ್ದೆ, ಅದೇ ವಾರ ಚಾಮರಾಜಪೇಟೆಯಿಂದ ಅಪ್ಪನ ಇನ್‌ಲ್ಯಾಂಡ್ ಲೆಟರ್ ಬಂತು. ಅವರೂ ಹೀಗೇ ನಡುವೆ ಒಂದು ಸಾಲು ಬರೆದಿದ್ದರು. ಸ್ವಲ್ಪ ಎದೆ ಗೊರಗೊರ ಅನ್ನುತ್ತಿದೆ, ಚಳಿಗೆ, ತಾನೇ ಹೋಗುತ್ತದೆ ಅಂತ. ಆಮೇಲೆ ಅವರೆಕಾಯಿ ಎಷ್ಟು ಅಗ್ಗವಾಗಿದೆ ಅಂತ ಬರೆದಿದ್ದರು. ಆ ಸಂಕ್ರಾಂತಿ ಹೇಗೆ ಕಳೆಯಿತು ಅಂತ ನಿಮ್ಮಮ್ಮನಿಗೆ ಗೊತ್ತು, ನಿನಗೂ ಗೊತ್ತು. ಅಪ್ಪನನ್ನೂ ಹಾವನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿದ್ದೇನೆ ಅಂದುಕೊಳ್ಳಬೇಡ ಕಂದ. ಆ ಸಾಲು ಮತ್ತೆ ಓದಬೇಕಾಗಿ ಬಂತಲ್ಲ, ಅದಕ್ಕೆ ಹೇಳಿದೆ. ರಜೆ ಸಿಕ್ಕಿ ನಾನು ಬಸ್ಸು ಹತ್ತುವ ಹೊತ್ತಿಗೆ ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಅವರ ಜೊತೆ ಕೇಳಬೇಕಾಗಿದ್ದದ್ದು ಬಹಳ ಉಳಿದುಹೋಯಿತು.

ಸರಿ, ಕೆಂಪಿ ವಿಷಯ. ಅದರ ಊರು ಯಾವುದು ಅಂತ ಯೋಚನೆ ಮಾಡು. ಸುಮಾತ್ರಾದ ಪೂರ್ವ ಭಾಗ, ಮಲಯ ಪರ್ಯಾಯ ದ್ವೀಪ. ಸಮುದ್ರ ಮಟ್ಟಕ್ಕೆ ಹತ್ತಿರದ ಜೌಗು ನೆಲ, ಕೊಳೆತ ಎಲೆ, ಈಗ ಜಾಸ್ತಿ ತಾಳೆ ಎಣ್ಣೆಯ ತೋಟಗಳು. ಅಲ್ಲಿ ಚಳಿಗಾಲ ಅನ್ನುವುದೇ ಇಲ್ಲ. ನಮ್ಮ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಜನವರಿ ರಾತ್ರಿ 15, 16 ಡಿಗ್ರಿಗೆ ಇಳಿಯುತ್ತದೆ. ನಿನ್ನ ಮನೆ ಕೊನೇ ಮಹಡಿ, ಗಾಳಿ ಬೇರೆ. ನಮಗೆ ಸ್ವೆಟರ್ ಸಾಕು. ಅದರ ಮೈಗೆ ತನ್ನದೇ ಬಿಸಿ ಇಲ್ಲ, ತಣ್ಣಗಾದರೆ ರೋಗದ ಜೊತೆ ಹೋರಾಡುವ ಶಕ್ತಿಯೂ ಕುಗ್ಗುತ್ತದೆ.

ನೀನು ಕೋಣೆಗೆ ರೂಮ್ ಹೀಟರ್ ಹಾಕಿದ್ದೀಯ ಅಂತ ಬರೆದಿದ್ದೀಯ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದೀಯ, ಗೊತ್ತು. ಆದರೆ ಈ ತಿಂಗಳು ಇಲ್ಲಿ ಮಧ್ಯಾಹ್ನದ ಗಾಳಿ ಮೊದಲೇ ಒಣ, ಹೀಟರ್ ಇನ್ನೂ ಒಣಗಿಸುತ್ತದೆ, ಈ ಹಾವಿಗೆ 60, 70 ಪರ್ಸೆಂಟ್ ತೇವಾಂಶ ಬೇಕು, ಒಣ ಗಾಳಿಯೂ ಉಸಿರಿನ ದಾರಿಯನ್ನು ಕೆಡಿಸುತ್ತದೆ ಅಲ್ವಾ. ಪೆಟ್ಟಿಗೆಯ ಒಂದು ಬದಿಯ ಕೆಳಗೆ ಹೀಟ್ ಮ್ಯಾಟ್ ಇಟ್ಟು ಅದಕ್ಕೆ ಥರ್ಮೋಸ್ಟಾಟ್ ಹಾಕು. ಬೆಚ್ಚಗಿನ ಕಡೆ 30, 31 ಡಿಗ್ರಿ, ಇನ್ನೊಂದು ಕಡೆ 25, 26 ಇರಲಿ, ರಾತ್ರಿಯೂ ಹಾಗೇ ಇರಲಿ. 32 ದಾಟಿಸಬೇಡ, ಈ ಜಾತಿ ಸೆಕೆ ತಡೆಯುವುದಿಲ್ಲ. ಬೆನ್ನು ನೋವಿಗೆ ಇಡುವ ಹೀಟಿಂಗ್ ಪ್ಯಾಡ್ ಮಾತ್ರ ಬೇಡವೇ ಬೇಡ, ಹೊಟ್ಟೆ ಸುಟ್ಟರೂ ಅದು ಎದ್ದು ಹೋಗದೆ ಅಲ್ಲೇ ಮಲಗಿರಬಹುದು. ಥರ್ಮೋಸ್ಟಾಟು, ತೇವಾಂಶ ತೋರಿಸುವ ಮೀಟರು ಎಸ್‌.ಪಿ. ರೋಡಿನಲ್ಲಿ ವಿಚಾರಿಸು. ಇದನ್ನೆಲ್ಲ ನಿನಗೆ ನಾನು ಹೇಳಬೇಕಾ, ನೀನು ಇಂಜಿನಿಯರ್, ಆದರೂ ಹೇಳುತ್ತಿದ್ದೇನೆ.

ತೇವ ಬೇಕು ಅಂತ ಕೆಳಗಿನ ಕೋಕೋಪೀಟ್ ನೀರು ಜಿನುಗುವಷ್ಟು ನೆನೆಸಬೇಡ. ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಮೇಲ್ಭಾಗ ಒಣಗಿರಲಿ, ಅಡಿಯಲ್ಲಿ ತೇವ ಇರಲಿ. ಗೊಬ್ಬರ ಬೆರೆಸಿದ ಕೋಕೋಪೀಟ್ ತರಬೇಡ.

ಅದು ಒಂದು ತಿಂಗಳಿಂದ ಇಲಿ ತಿಂದಿಲ್ಲ ಅಂತ ನೀನು ಅರ್ಧ ಪುಟ ಗಾಬರಿ ಬರೆದಿದ್ದೀಯ. ಅದಕ್ಕೆ ನನಗೆ ಅಷ್ಟು ಗಾಬರಿ ಇಲ್ಲ. ದೊಡ್ಡ ಬ್ಲಡ್ ಪೈಥಾನ್‌ಗೆ ಎರಡು ಮೂರು ವಾರಕ್ಕೊಮ್ಮೆ ತಿಂದರೂ ಸಾಕು, ಎಷ್ಟೋ ಸಲ ತಿಂಗಳುಗಟ್ಟಲೆ ಉಪವಾಸ ಇರುತ್ತವೆ. ಉಸಿರು ಸರಿಯಾಗುವವರೆಗೆ ಏನೂ ಕೊಡಬೇಡ. ನೀರು ಮಾತ್ರ ಶುದ್ಧವಾಗಿರಲಿ. ನೀನು ಗಾಬರಿಪಡುವ ಜಾಗ ಬೇರೆ ಚೇತು, ಆ ಸದ್ದು.

ನಿನ್ನ ಹಾವಿನ ಬಗ್ಗೆ ನಾನು ಇಷ್ಟೊಂದು ಓದಿಕೊಂಡಿದ್ದಕ್ಕೆ ನಿಮ್ಮ ದೊಡ್ಡಪ್ಪನಿಗೆ ಆಶ್ಚರ್ಯ. ನನಗೆ ಒಂದು ಕಾಲದಲ್ಲಿ ಸರೀಸೃಪಗಳ ಮೇಲೆ ಸಂಶೋಧನೆ ಮಾಡುವ ಆಸೆ ಇತ್ತು, ನಿಮ್ಮಮ್ಮನ ಮದುವೆ, ಮನೆ ಖರ್ಚು ಅಂತ ಕೆಲಸ ಹಿಡಿದೆ, ಆಮೇಲೆ ಆ ಕಡೆ ತಿರುಗಲು ಆಗಲಿಲ್ಲ. ಬೇಸರ ಈಗಲೂ ಇದೆ. ಕೆಂಪಿಯ ಜಾತಿಗೆ ವೈಜ್ಞಾನಿಕ ಹೆಸರು ಕೊಟ್ಟವರು ಒಬ್ಬ ಹೆಂಗಸು, ಗೊತ್ತಾ? 1938ರಲ್ಲಿ, ಆಲಿವ್ ಗ್ರಿಫಿತ್ ಸ್ಟಲ್ ಅಂತ ಅಮೆರಿಕದವರು. ಡಚ್ ವಿಜ್ಞಾನಿ ಬ್ರೊಂಗರ್ಸ್ಮಾ ಅವರ ಹೆಸರನ್ನು ಅದಕ್ಕೆ ಇಟ್ಟರು. ಮೊದಲು ಉಪಜಾತಿ ಅಂತಿದ್ದರು, 2001ರಲ್ಲಿ ಅದು ಬೇರೆಯೇ ಜಾತಿ ಅಂತ ಆಯಿತು. ಇದನ್ನು ಓದಿದ ದಿನ ನಾನು ತುಂಬಾ ಹೊತ್ತು ಅದನ್ನೇ ಯೋಚಿಸಿದೆ. ಚರ್ಮಕ್ಕಾಗಿ ಸುಮಾತ್ರಾದಲ್ಲಿ ಈ ಹಾವುಗಳನ್ನು ರಾಶಿ ರಾಶಿ ಹಿಡಿಯುತ್ತಾರೆ ಅಂತಲೂ ಓದಿದೆ. ಅಂಥದ್ದರಲ್ಲಿ ಒಂದು ನಿನ್ನ ಕೈಗೆ ಬಂದಿದೆ.

ಇನ್ನೊಂದು ಕೇಳುತ್ತೇನೆ, ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಕಾಗದಪತ್ರ ನಿನ್ನ ಹೆಸರಿಗೆ ಇನ್ನೂ ಆಗಿಲ್ಲ ಅಂತ ಡಾಕ್ಟರ ಹತ್ತಿರ ಹೋಗಲು ಹಿಂಜರಿಯುತ್ತಿದ್ದೀಯಾ? ನಿನ್ನ ಸ್ನೇಹಿತ ಜರ್ಮನಿಗೆ ಹೋಗುವಾಗ ಕೊಟ್ಟು ಹೋದ, ಅವನ ಹೆಸರಿನಲ್ಲಿ ನೋಂದಣಿ ಇದೆ ಅಂತ ನೀನೇ ಹೇಳಿದ್ದೆ. ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ ಆದ ಮೇಲೆ ಇಂಥ ವಿದೇಶಿ ಪ್ರಾಣಿಗಳ ವಿವರವನ್ನು ಅರಣ್ಯ ಇಲಾಖೆಗೆ ಕೊಡಬೇಕು, 2024ರ ನಿಯಮದಂತೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕೈ ಬದಲಾದರೂ ತಿಳಿಸಬೇಕು. ಅರಣ್ಯ ಭವನ ನಮ್ಮ ಮಲ್ಲೇಶ್ವರದಲ್ಲೇ ಇದೆ, ಬೇಕಾದರೆ ನಾನೇ ನಿನ್ನ ಜೊತೆ ಬಂದು ಕೇಳುತ್ತೇನೆ. ಆದರೆ ಅದು ಆಮೇಲೆ. ಪೇಪರ್ ಭಯಕ್ಕೆ ಉಸಿರಿನ ವಿಷಯ ಮುಂದೆ ಹಾಕಬೇಡ.

ನಾಯಿ ಬೆಕ್ಕು ಮಾತ್ರ ನೋಡುವವರು ಬೇಡ, ಹಾವಿಗೆ ಚಿಕಿತ್ಸೆ ಮಾಡಿ ಗೊತ್ತಿರುವವರೇ ಬೇಕು. ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆಗೆ ಮೊದಲು ಫೋನ್ ಮಾಡಿ ವಿಚಾರಿಸು. ಆ ಸದ್ದನ್ನು ಇವತ್ತು ರಾತ್ರಿಯೇ ಮೊಬೈಲಿನಲ್ಲಿ ವಿಡಿಯೋ ಮಾಡಿಕೋ, ಅಲ್ಲಿ ಹೋದಾಗ ಅದು ಗಾಬರಿಗೆ ಬರೀ ಬುಸುಗುಟ್ಟರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಕೆಂಪಿಯನ್ನು ದಿಂಬಿನ ಕವರಿನಲ್ಲಿ ಹಾಕಿ, ಕವರಿನ ಬಾಯಿ ಕಟ್ಟಿ, ಗಾಳಿಯಾಡುವ ಡಬ್ಬದಲ್ಲಿಟ್ಟು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲು ಪಕ್ಕದಲ್ಲಿಡು. ಬೈಕಿನಲ್ಲಿ ಬೇಡ, ಕ್ಯಾಬ್ ಮಾಡು, ಬಿಸಿಲು ಬಂದ ಮೇಲೆ ಹೊರಡು. ಮನೆಯಲ್ಲಿರುವ ಆಂಟಿಬಯಾಟಿಕ್ ಮಾತ್ರೆ ನೀರಿಗೆ ಹಾಕುವುದು, ಕರ್ಪೂರ, ವಿಕ್ಸ್, ಇಂಥದ್ದೇನೂ ಮಾಡಬೇಡ. ಇಂಜೆಕ್ಷನ್ ಕೋರ್ಸು ಬರೆದುಕೊಟ್ಟರೆ ಸದ್ದು ನಿಂತಿತು ಅಂತ ನಡುವೆ ಬಿಡಬೇಡ.

ಸದ್ದು ಕಡಿಮೆಯಾದ ಹಾಗೆ ಅನ್ನಿಸಿದರೂ ತೋರಿಸು. ಸೋಮವಾರದ ಮೀಟಿಂಗಿಗೆ ರಜೆ ಕೇಳು, ಸಿಗದಿದ್ದರೆ ನನಗೆ ಹೇಳು, ನಾನು ಬಂದು ಕರೆದುಕೊಂಡು ಹೋಗುತ್ತೇನೆ, ಡಬ್ಬ ಹಿಡಿದುಕೊಳ್ಳಲು ನನಗೇನೂ ಹೆದರಿಕೆ ಇಲ್ಲ. ಡಾಕ್ಟರು ಏನಂದರು ಅಂತ ಅಲ್ಲಿಂದಲೇ ಫೋನ್ ಮಾಡು. ಮೇಲ್ ಬರೆಯುತ್ತಾ ಕೂರಬೇಡ.

ನಿನ್ನ ದೊಡ್ಡಮ್ಮ