ಕಿವಿಯ ವಿಷಯ

ಲೋ ಗೂಬೆ,

ಬೆಳಿಗ್ಗೆ ಆರೂಕಾಲು. ಈ ಹೊತ್ತಿಗೆ ನಾನು ತಣ್ಣೀರಲ್ಲಿ ಇರಬೇಕಿತ್ತು. ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ ನಿನಗೆ ಬರೆಯುತ್ತಿದ್ದೇನೆ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಹೇಳಿದರೆ ನೀನು ನಕ್ಕು ನಕ್ಕು ಉಳಿದದ್ದನ್ನು ಓದುವುದಿಲ್ಲ.

ವಾಟ್ಸಪ್‌ನಲ್ಲೇ ಕಳಿಸಬಹುದಿತ್ತು. ಆದರೆ ಅಲ್ಲಿ ಎಷ್ಟು ಉದ್ದ ಬರೆದರೂ ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುವ ಆಸಾಮಿ. ನಾಲ್ಕು ಜನರ ಎದುರು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಹಾಗಾಗಿ ಇಲ್ಲಿ. ಆ ನಾಲ್ಕು ಜನಕ್ಕೂ ನಮಸ್ಕಾರ. ನಡುವೆ ಅರ್ಥವಾಗದ ಮಾತು ಬಂದರೆ ಬೇಜಾರು ಮಾಡ್ಕೋಬೇಡಿ, ಅದು ಇವನಿಗೆ.

ಈ ವರ್ಷದ ಈಜಿನ ಗುರಿಗಳನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಮಗಳ ಸ್ಕೆಚ್ ಪೆನ್ನು, ನೇರಳೆ ಬಣ್ಣ. ಹೌದು, ನಾನೇ. 41ಕ್ಕೆ ಈಜು ಕಲಿಯಲು ಸೇರಿದವನು 43ಕ್ಕೆ ಗುರಿ ಹಾಕುವ ಮಟ್ಟಕ್ಕೆ ಬಂದಿದ್ದೇನೆ.

ಮೊದಲನೆಯದು 1500 ಮೀಟರ್, ಎಲ್ಲೂ ನಿಲ್ಲದೆ. ನಮ್ಮ ಕೊಳ 25 ಮೀಟರ್. ಅಂದರೆ ಆ ಗೋಡೆಯಿಂದ ಈ ಗೋಡೆಗೆ 60 ಸಲ. ಬ್ಯಾಚ್ ಇರುವುದೇ 45 ನಿಮಿಷ, ಸೀಟಿ ಊದುವುದರೊಳಗೆ ಮುಗಿಯಬೇಕು. ಅದೂ ಏಪ್ರಿಲ್‌ಗೆ ಮೊದಲೇ. ಆಮೇಲೆ ಬೇಸಿಗೆ ಶಿಬಿರ ಶುರು, ಕೊಳದಲ್ಲಿ ನೀರಿಗಿಂತ ಮಕ್ಕಳೇ ಜಾಸ್ತಿ. ಬೆಂಗಳೂರಿನ ಜನವರಿ ಚಳಿಯಲ್ಲಿ ಮಾತ್ರ ಒಂದು ಲೇನ್ ಪೂರ್ತಿ ಸಿಗುತ್ತದೆ. ಬುದ್ಧಿ ಇರುವವರು ಆಗ ಬರುವುದಿಲ್ಲ.

ಇನ್ನೊಂದು, 100 ಮೀಟರನ್ನು ಎರಡು ನಿಮಿಷದೊಳಗೆ ಈಜುವುದು. ನಮ್ಮೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರನ್ನು 53.77 ಸೆಕೆಂಡಿಗೆ ಮುಗಿಸಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋದ. ಅದೂ ಅಂಗಾತ ಮಲಗಿಕೊಂಡು. ಅಷ್ಟು ಹೊತ್ತಿನಲ್ಲಿ ನನಗೆ ಟೋಪಿ ತಲೆಗೆ ಹತ್ತುವುದಿಲ್ಲ.

ಎರಡೂ ಕಡೆ ಉಸಿರು ತೆಗೆದುಕೊಳ್ಳುವುದು ಅಂತಲೂ ಬರೆದಿದ್ದೇನೆ. ಮೂರು ಕೈಗೆ ಒಂದು ಉಸಿರು ಅಂತ ಲೆಕ್ಕ ಇಟ್ಟುಕೊಂಡರೆ ಒಮ್ಮೆ ಎಡ, ಒಮ್ಮೆ ಬಲ ತಾನಾಗಿ ಬರುತ್ತದೆ, ಮೈ ಒಂದೇ ಕಡೆ ವಾಲುವುದಿಲ್ಲ ಅನ್ನುತ್ತಾರೆ ಕೋಚ್. ನನಗೆ ಬಲಕ್ಕೆ ಮಾತ್ರ ಬರುತ್ತದೆ. ಎಡಕ್ಕೆ ತಿರುಗಿದರೆ ಗಾಳಿ ಬದಲು ಕೊಳ ಬಾಯಿಗೆ ಬರುತ್ತದೆ. ಕೊಳದ ಆ ಘಾಟು ಬರೀ ಕ್ಲೋರಿನ್‌ದಲ್ಲವಂತೆ. ನಮ್ಮ ಬೆವರು ಮತ್ತೆ ಇನ್ನೊಂದು ಅದರ ಜೊತೆ ಸೇರಿದಾಗ ಬರುವ ವಾಸನೆಯಂತೆ. ಇದು ತಿಳಿದ ಮೇಲೆ ಎಡಕ್ಕೆ ತಿರುಗುವ ಧೈರ್ಯ ಇನ್ನೂ ಕಡಿಮೆಯಾಗಿದೆ.

ಬಟರ್‌ಫ್ಲೈ ಅಂತ ಬರೆದು ಹೊಡೆದು ಹಾಕಿದೆ. ಹದಿನೇಳೂವರೆ ನೆನಪಾಯಿತು.

ಇಷ್ಟು ಬರೆದು ನಿಲ್ಲಿಸಬೇಕು ಅಂತಿದ್ದೆ. ನಿಲ್ಲಿಸಿದ್ದರೆ ಒಂದು ಒಳ್ಳೆಯ ಪತ್ರ ಆಗುತ್ತಿತ್ತು, ಹತ್ತು ಜನ ‘ಸೂಪರ್ ಸಾರ್’ ಅನ್ನುತ್ತಿದ್ದರು.

ಹೋದ ತಿಂಗಳು ಒಂದು ಗುರುವಾರ. ಆಳದ ಕಡೆ, ಒಂಬತ್ತು ಅಡಿ. ನನ್ನ ಮುಂದೆ ಹೋಗುತ್ತಿದ್ದವರು ಗೋಡೆ ಮುಟ್ಟುವ ಮೊದಲೇ ಇದ್ದಕ್ಕಿದ್ದಂತೆ ನಿಂತು ತಿರುಗಿದರು. ಡಿಕ್ಕಿ ಹೊಡೆಯಬಾರದಲ್ಲ, ನಾನೂ ನಿಂತೆ. ಆಗಲೇ ಗೊತ್ತಾಗಿದ್ದು, ನೀರಲ್ಲಿ ನಿಲ್ಲುವುದು ನನಗೆ ಬರುವುದೇ ಇಲ್ಲ. ಮುಂದೆ ಹೋಗುತ್ತಿರುವವರೆಗೂ ಕಾಲು ಮೇಲಿರುತ್ತದೆ, ಮೈ ತೇಲುತ್ತದೆ. ನಿಂತ ತಕ್ಷಣ ಕಾಲು ಕೆಳಗೆ ಎಳೆಯುತ್ತದೆ. ತಲೆ ಎತ್ತಿದಷ್ಟೂ ಉಳಿದದ್ದು ಇಳಿಯುತ್ತದೆ. ಎರಡು ವರ್ಷ ಈಜಿದ್ದೇನೆ. ಗೋಡೆಯಿಂದ ಗೋಡೆಗೆ ಹೋಗುವುದನ್ನು ಬಿಟ್ಟು ಬೇರೇನೂ ಕಲಿತಿಲ್ಲ.

ಪಕ್ಕದ ಲೇನಿನಲ್ಲಿ ಒಬ್ಬ ಹುಡುಗ ಬರುತ್ತಿದ್ದ. ಹನ್ನೆರಡು ವರ್ಷ ಇರಬಹುದು. ನಾನು ಅವನ ಹೆಗಲು ಹಿಡಿದೆ.

ಹಿಡಿದೆ ಅನ್ನುವುದು ಮರ್ಯಾದೆಯ ಮಾತು. ಅವನನ್ನು ಕೆಳಗೆ ಒತ್ತಿ ನಾನು ಮೇಲೆ ಬಂದೆ. ಒಂದು ಸೆಕೆಂಡು, ಎರಡು ಸೆಕೆಂಡು, ಗೊತ್ತಿಲ್ಲ. ಅವನು ಮುಳುಗಿ, ಜಾರಿಸಿಕೊಂಡು, ಆಚೆ ಎದ್ದ. ಕೆಮ್ಮುತ್ತಾ ಹೇಳಿದ, “ಅಂಕಲ್, ಹಗ್ಗ ಹಿಡ್ಕೊಳ್ಳಿ.” ಲೇನಿನ ಹಗ್ಗ ನನ್ನ ಮೊಣಕೈ ಪಕ್ಕದಲ್ಲೇ ಇತ್ತು ಕಣೋ. ಮೊದಲಿಂದಲೂ ಅಲ್ಲೇ ಇತ್ತು.

ಅಷ್ಟರಲ್ಲಿ ಲೈಫ್‌ಗಾರ್ಡ್ ಬಿದಿರು ಗಳ ಹಿಡಿದು ಓಡಿಬಂದ. “ಏನಾಯ್ತು ಸಾರ್?” ಅಂದ. “ಕ್ರ್ಯಾಂಪ್” ಅಂದೆ. ಮೀನಖಂಡ ಬೇರೆ ತಿಕ್ಕಿಕೊಂಡೆ. ಮನೆಗೆ ಬಂದು ಹೆಂಡತಿಗೂ ಕ್ರ್ಯಾಂಪ್ ಅಂದೆ. ಅವಳು ದಿನಾ ಬಾಳೆಹಣ್ಣು ತಿನ್ನಿಸಿದಳು. ಇದನ್ನು ಓದುತ್ತಿದ್ದರೆ, ಸಾರಿ ಕಣೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಹುಡುಗನ ಮುಖಕ್ಕಿಂತ ಜಾಸ್ತಿ ಕಾಡಿದ್ದು ಆ ‘ಕ್ರ್ಯಾಂಪ್’. ಎಷ್ಟು ಸಲೀಸಾಗಿ ಬಂತು ಬಾಯಿಗೆ. ದಿನಾ ಒಂದು ಕಿಲೋಮೀಟರ್ ಅಂತ ನಿನಗೆ ಕೊಚ್ಚಿಕೊಳ್ಳುತ್ತೇನಲ್ಲ, ಅದರಲ್ಲೂ ನೂರು ಮೀಟರಿಗೊಮ್ಮೆ ಗೋಡೆ ಹಿಡಿದು ಗಾಗಲ್ಸ್ ಸರಿ ಮಾಡುತ್ತೇನೆ. ಗಾಗಲ್ಸ್‌ಗೆ ಏನೂ ಆಗಿರುವುದಿಲ್ಲ. ಕಲಿಯಲು ಸೇರಿದ್ದು 2024ರ ಫೆಬ್ರವರಿಯಲ್ಲಿ. ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ ಊರೆಲ್ಲಾ ಟ್ಯಾಂಕರ್ ಹಿಂದೆ ಓಡುತ್ತಿದ್ದಾಗ, ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ನಮ್ಮ ಕೊಳ ಸ್ವಲ್ಪ ದಿನ ಮುಚ್ಚಿತು. ಜನ ಬಕೆಟ್ ಎಣಿಸುವಾಗ ನಾನು ಲಕ್ಷಗಟ್ಟಲೆ ಲೀಟರಿನಲ್ಲಿ ಗುಳ್ಳೆ ಬಿಡುವುದು ತಪ್ಪು ಅಂತ ಆಗ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದೆ. ತಪ್ಪೇ, ಅದರಲ್ಲಿ ಸುಳ್ಳಿಲ್ಲ. ಆದರೆ ಕೊಳ ಮುಚ್ಚಿದೆ ಅಂದಾಗ ಮೊದಲು ಆದದ್ದು ಖುಷಿ.

ಆಮೇಲೆ ನಿಮ್ಮ ಮಾವನ ಗದ್ದೆ ಬಾವಿ ನೆನಪಾಯಿತು.

ಒಂಬತ್ತನೇ ಕ್ಲಾಸಿನ ಬೇಸಿಗೆ ರಜೆ. ನೀವೆಲ್ಲಾ ಪಂಪ್‌ಸೆಟ್ ಮನೆ ತಾರಸಿಯಿಂದ ಡೈ ಹೊಡೆಯುತ್ತಿದ್ದಿರಿ. ನನಗೆ ಅಂತ ಒಂದು ಸೋರೆ ಬುರುಡೆ ತಂದು ಹಗ್ಗ ಕಟ್ಟಿಟ್ಟಿದ್ದಿರಿ. ನಾನು ಮೂರನೇ ಮೆಟ್ಟಿಲಲ್ಲಿ ಕೂತು ಚಡ್ಡಿ ಅಂಚು ಹಿಂಡುತ್ತಿದ್ದೆ. ಅಷ್ಟೂ ಹುಡುಗರು ಮೇಲಿಂದ ಕೂಗುತ್ತಿದ್ದರು. ಆಗ ಯಾರೋ ಹೇಳಿದರು, “ಬಿಡ್ರೋ, ಅವನಿಗೆ ಕಿವಿ ಸೋರುತ್ತೆ.”

ಇಷ್ಟು ವರ್ಷ ಆ ಸುಳ್ಳು ನಾನು ಹೇಳಿದ್ದು ಅಂದುಕೊಂಡಿದ್ದೆ. ಕಾಲೇಜಲ್ಲಿ ಹೇಳಿದೆ, ಆಫೀಸಿನವರು ಗೋವಾಕ್ಕೆ ಹೋದಾಗ ಹೇಳಿದೆ, ಹನಿಮೂನಲ್ಲೂ ಹೇಳಿದೆ. ಆದರೆ ಅವತ್ತು ಅದನ್ನು ಹೇಳಿದ್ದು ನೀನು. ನಾನು ಸುಮ್ನೆ ತಲೆ ಆಡಿಸಿ ಕಿವಿ ಮುಟ್ಟಿಕೊಂಡೆ, ಅಷ್ಟೇ. ಸಂಜೆ ನಿಮ್ಮಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ತಂದು, ಚೆನ್ನಾಗಿದ್ದ ಕಿವಿಗೆ ಎರಡೆರಡು ಹನಿ ಬಿಟ್ಟರು. ನೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಗಲಿಲ್ಲ. ಎಲ್ಲಕ್ಕೂ ನಗುವವನು, ಅವತ್ತು ನಗಲಿಲ್ಲ.

ನಿನಗೆ ಗೊತ್ತಿತ್ತು, ಅಲ್ವಾ?

ಉತ್ತರ ಬೇಡ. ಬೇಕು. ಬೇಡ ಬಿಡು.

ಫ್ರಿಜ್ ಮೇಲಿನ ಕಾಗದದಲ್ಲಿ 1500 ಹೊಡೆದು ಹಾಕಿದ್ದೇನೆ. ಅದರ ಮೇಲೆ ‘ನಿಂತಲ್ಲೇ ಐದು ನಿಮಿಷ’ ಅಂತ ಬರೆದೆ. ಮಗಳು ಓದಿ, “ಸ್ಕೂಲಲ್ಲಿ ಇದನ್ನ ಪನಿಶ್‌ಮೆಂಟ್ ಅಂತಾರಪ್ಪ” ಅಂದಳು. ಕೋಚ್‌ಗೆ ಮಾತ್ರ ನಿಜ ಹೇಳಿದೆ. ಅವರಿಗೇನೂ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಕೈಯಿಂದ ನೀರನ್ನು ಕೆಳಗೆ ಬಡಿಯಬೇಡಿ, ಹಾಸಿಗೆ ಮೇಲಿನ ಸುಕ್ಕು ಸವರಿದ ಹಾಗೆ ಆಚೆ ಈಚೆ ಆಡಿಸಿ ಅಂದರು. ಕಾಲು ಎರಡೂ ಒಟ್ಟಿಗೆ ಅಲ್ಲ, ಒಂದಾದ ಮೇಲೆ ಒಂದು, ಸುತ್ತಿಸಬೇಕು. ಮಜ್ಜಿಗೆ ಕಡೆಯುವ ಹಾಗೆ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ. ಮೊದಲ ದಿನ 11 ಸೆಕೆಂಡ್. ಹೋದ ವಾರ 40. ಬೆಣ್ಣೆ ಇನ್ನೂ ಬಂದಿಲ್ಲ.

ಹುಡುಗನ ಹತ್ತಿರ ಹೋಗಿ ಸಾರಿ ಕೇಳಿದೆ. “ಪರವಾಗಿಲ್ಲ ಅಂಕಲ್, ನಮ್ಮಣ್ಣ ದಿನಾ ಮುಳುಗಿಸ್ತಾನೆ” ಅಂದ. ಈಗ ನನ್ನನ್ನು ಕಂಡರೆ ಎರಡು ಲೇನ್ ಆಚೆ ಹೋಗುತ್ತಾನೆ. ಜಾಣ.

ಸರಿ, ಈಗ ಇವತ್ತು ನಾನು ಮನೆಯಲ್ಲಿ ಯಾಕಿದ್ದೇನೆ ಅನ್ನುವ ವಿಷಯ. ನಿಲ್ಲುವುದನ್ನು ಕಲಿಯಲು ಹೋಗಿ ಮುಳುಗಿದ್ದೇ ಜಾಸ್ತಿ. ಶನಿವಾರ ಎಡಗಿವಿ ಶುರುವಾಯಿತು. ಮುಟ್ಟಿದರೆ ಪ್ರಾಣ ಹೋಗುವ ನೋವು. ಡಾಕ್ಟರ್ ದೀಪ ಹಾಕಿ ನೋಡಿ, ನೀರು ನಿಂತು ಇನ್‌ಫೆಕ್ಷನ್ ಆಗಿದೆ ಅಂದರು. ದಿನಕ್ಕೆ ಮೂರು ಸಲ ಡ್ರಾಪ್ಸ್, ಎರಡು ವಾರ ಕೊಳದ ಕಡೆ ತಲೆ ಹಾಕಬಾರದು.

ಸೋರುತ್ತಿದೆ ಕಣೋ. ನಿಜವಾಗಿಯೂ ಸೋರುತ್ತಿದೆ. ಆಫೀಸಿನಲ್ಲಿ ಹೇಳಿದರೆ ಯಾರೂ ನಂಬುತ್ತಿಲ್ಲ.

ನಿಮ್ಮಮ್ಮನಿಗೆ ಮಾತ್ರ ಹೇಳಬೇಡ. ಎಣ್ಣೆ ಕಾಯಿಸಿ, ಬಾಟಲಿಗೆ ತುಂಬಿ, ಮಂಡ್ಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ.

ನಿನ್ನ
ಹದಿನೇಳೂವರೆ