ಲೆಕ್ಕ ಸರಿಯಿದ್ದರೆ ಸಾಲದು, ವರದಿ ಓದುವಂತೆಯೂ ಇರಲಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಹತ್ತಿರವಾದಂತೆ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಸಹಕಾರಿ ಸಂಘಗಳಲ್ಲಿ ವಾರ್ಷಿಕ ವರದಿಯ ಗಡಿಬಿಡಿ ಶುರುವಾಗುತ್ತದೆ. ಲೆಕ್ಕ ಸರಿಯಿದ್ದೂ ಅಂಕಿಗಳು ಕಾಲಂ ತಪ್ಪಿರುತ್ತವೆ. ಶೀರ್ಷಿಕೆ ಪುಟದ ತಳದಲ್ಲಿ ಉಳಿದು ಅದರ ಕೋಷ್ಟಕ ಮುಂದಿನ ಪುಟಕ್ಕೆ ಹೋಗಿರುತ್ತದೆ. ಸದಸ್ಯರು ಓದಿ ಪ್ರಶ್ನೆ ಕೇಳಬೇಕಾದ ಕಾಗದವಿದು. ಹೀಗಾಗಬಾರದು.

ಮೂಲ ಕಾರಣ ಟೈಪ್‌ರೈಟರ್ ಕಾಲದ ರೂಢಿ. ಅಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಕಂಪ್ಯೂಟರ್ ಫಾಂಟ್‌ನಲ್ಲಿ ಒಂದೊಂದಕ್ಕೆ ಒಂದೊಂದು ಅಗಲ, ಹಾಗಾಗಿ ಸ್ಪೇಸ್ ಒತ್ತಿ ಸಾಲು ಕೂಡಿಸಲು ಆಗುವುದೇ ಇಲ್ಲ. ಜಮಾ-ಖರ್ಚು, ಅಢಾವೆ (ಬ್ಯಾಲೆನ್ಸ್ ಶೀಟ್) ಪತ್ರಿಕೆಗಳನ್ನು ಟೇಬಲ್‌ನಲ್ಲೇ ಹಾಕಿ, ಮೊತ್ತದ ಕಾಲಂ ಬಲಕ್ಕೆ ಜೋಡಿಸಬೇಕು. ಎಲ್ಲ ಮೊತ್ತಕ್ಕೂ ಪೈಸೆಯ ಎರಡು ಸ್ಥಾನ ಬರೆಯಬೇಕು. ಒಂದು ಕಡೆ 1,25,000 ಇನ್ನೊಂದು ಕಡೆ 84,310.50 ಎಂದಿದ್ದರೆ ಬಲಕ್ಕೆ ಜೋಡಿಸಿಯೂ ಬಿಂದು ಸಾಲಿಗೆ ಬರುವುದಿಲ್ಲ. ಕೋಷ್ಟಕ ಎರಡು ಪುಟ ದಾಟುವುದಾದರೆ ವರ್ಡ್‌ನಲ್ಲಿ ಮೊದಲ ಸಾಲು ಆರಿಸಿ ‘ರಿಪೀಟ್ ಹೆಡರ್ ರೋಸ್’ ಒತ್ತಿ, ಕಾಲಂ ಹೆಸರು ಪ್ರತಿ ಪುಟದಲ್ಲೂ ತಾನಾಗಿ ಬರುತ್ತದೆ. ಟೇಬಲ್ ಪ್ರಾಪರ್ಟೀಸ್‌ನಲ್ಲಿ ಸಾಲು ಪುಟಗಳ ನಡುವೆ ಒಡೆಯಲು ಬಿಡುವ ಗುರುತನ್ನೂ ತೆಗೆದುಬಿಡಿ.

ಹೊಸ ಪುಟಕ್ಕೆ ಎಂಟರ್ ಮೇಲೆ ಎಂಟರ್ ಬೇಡ, ಕಂಟ್ರೋಲ್ ಜೊತೆ ಎಂಟರ್ ಒಮ್ಮೆ ಸಾಕು. ಶೀರ್ಷಿಕೆಗಳಿಗೆ ಬರೀ ಬೋಲ್ಡ್ ಮಾಡದೆ ‘ಹೆಡಿಂಗ್ 1’, ‘ಹೆಡಿಂಗ್ 2’ ಸ್ಟೈಲ್ ಕೊಟ್ಟರೆ ಅವು ಕೆಳಗಿನ ಪ್ಯಾರಾವನ್ನು ಬಿಟ್ಟು ಒಂಟಿಯಾಗುವುದಿಲ್ಲ, ಪರಿವಿಡಿಯೂ ಅದರಿಂದಲೇ ತಯಾರಾಗುತ್ತದೆ. ಕಾಗದ ಎ4, ಅಂದರೆ 210×297 ಮಿ.ಮೀ. ಎಂದು ಟೈಪಿಂಗ್ ಶುರುಮಾಡುವ ಮೊದಲೇ ನೋಡಿಕೊಳ್ಳಿ. ಕೆಲವು ಕಂಪ್ಯೂಟರುಗಳಲ್ಲಿ ಲೆಟರ್ ಅಳತೆ ಇರುತ್ತದೆ, ಕೊನೆಯಲ್ಲಿ ಬದಲಿಸಿದರೆ ಪುಟಗಳೆಲ್ಲ ಸರಿಯುತ್ತವೆ. ಪಿನ್ ಹೊಡೆಯುವ ಎಡಬದಿಗೆ 3 ಸೆಂ.ಮೀ. ಬಿಡಿ.

ಕನ್ನಡಕ್ಕೆಂದೇ ಎರಡು ಎಚ್ಚರಿಕೆ ಬೇಕು. ಸಾಲಿನ ಅಂತರಕ್ಕೆ ‘ಎಕ್ಸಾಕ್ಟ್ಲಿ’ ಆರಿಸಿ ಸಣ್ಣ ಅಳತೆ ಕೊಟ್ಟರೆ ‘ರಾಷ್ಟ್ರೀಯ’ದಂಥ ಪದಗಳ ಒತ್ತಕ್ಷರ ಕತ್ತರಿಸಿಹೋಗುತ್ತದೆ. ‘ಮಲ್ಟಿಪಲ್’ ಆರಿಸಿ 1.15ರಿಂದ 1.3ರ ಒಳಗೆ ಇಡಿ. ಎರಡನೆಯದು ಇನ್ನೂ ಮುಖ್ಯ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ ಅಷ್ಟೆ. ಆ ಫಾಂಟ್ ಇಲ್ಲದ ಡಿಟಿಪಿ ಅಂಗಡಿಯಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಸದಸ್ಯರು ಮೊಬೈಲಿನಲ್ಲಿ ತಮ್ಮ ಹೆಸರು ಹುಡುಕಿದರೂ ಸಿಗುವುದಿಲ್ಲ. ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತ ಕೊಡುವ ಯೂನಿಕೋಡ್ ಆಯ್ಕೆ ನುಡಿಯಲ್ಲೇ ಇದೆ, ಅದನ್ನೇ ಬಳಸಿ. ಫಾಂಟ್ ನಿರ್ಮಲಾ ಅಥವಾ ನೋಟೋ ಸಾಕು. ಹಳೆಯ ಕಡತ ಪರಿವರ್ತಿಸಿದ ಮೇಲೆ ನಡುವೆ ಇದ್ದ ಇಂಗ್ಲಿಷ್ ಪದ, ಐಎಫ್‌ಎಸ್‌ಸಿ ಸಂಕೇತಗಳು ಕೆಟ್ಟಿರಬಹುದು. ಅವನ್ನು ಒಂದೊಂದಾಗಿ ಮೂಲದೊಂದಿಗೆ ತಾಳೆ ನೋಡಿ.

ಲಿಬ್ರೆ ಆಫೀಸ್ ಬಳಸುವವರು ಗಮನಿಸಿ: ಅಲ್ಲಿ ಸ್ಟೈಲ್ ತಿದ್ದುವಾಗ ಕನ್ನಡದ ಫಾಂಟ್, ಗಾತ್ರವನ್ನು ‘ಸಿಟಿಎಲ್’ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ವಿಭಾಗದಲ್ಲಿ ಬೇರೆಯಾಗಿ ಕೊಡಬೇಕು.

ಕೊನೆಗೆ ವರ್ಡ್‌ನಲ್ಲಾದರೆ ಪರಿವಿಡಿಯ ಮೇಲೆ ಎಫ್9 ಒತ್ತಿ ಪುಟಸಂಖ್ಯೆ ಸರಿಪಡಿಸಿ, ಪಿಡಿಎಫ್ ಮಾಡಿ, ಮುದ್ರಣಕ್ಕೆ ಅದನ್ನೇ ಕೊಡಿ. ಸಂಘಗಳ ಸಿಬ್ಬಂದಿಗೆ ನಡೆಯುವ ತರಬೇತಿಗಳಲ್ಲಿ ಅರ್ಧ ದಿನವನ್ನಾದರೂ ಇದಕ್ಕೆ ಮೀಸಲಿಡುವಂತೆ ಸಹಕಾರ ಇಲಾಖೆಯ ಅಧಿಕಾರಿಗಳಲ್ಲಿ ವಿನಂತಿ.

– ಸಹಕಾರಿ ಸಂಘದ ಸದಸ್ಯ, ಶಿರಸಿ