ಸಂಶೋಧನಾ ವಿದ್ಯಾರ್ಥಿಗೆ ಎನ್‌ಎಂಆರ್ ಯಂತ್ರದ ಸಮಯ ಕೊಡಿ

ಮಾನ್ಯ ಸಂಪಾದಕರೇ,

2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6003.65 ಕೋಟಿ ರೂಪಾಯಿ ಒಪ್ಪಿದ ಮೇಲೆ ಎಲ್ಲೆಲ್ಲೂ ಕ್ಯೂಬಿಟ್‌ಗಳ (ಕ್ವಾಂಟಂ ಕಂಪ್ಯೂಟರಿನ ಮಾಹಿತಿ ಘಟಕಗಳ) ಎಣಿಕೆಯದೇ ಮಾತು. ಆ ಕ್ಯೂಬಿಟ್‌ಗಳನ್ನು ಹೇಳಿದಂತೆ ತಿರುಗಿಸುವ ವಿದ್ಯೆ, ಅಂದರೆ ಕ್ವಾಂಟಂ ನಿಯಂತ್ರಣ, ಕಲಿಯಲು ಎನ್‌ಎಂಆರ್ (ಪರಮಾಣು ಬೀಜಗಳನ್ನು ಕಾಂತದಲ್ಲಿಟ್ಟು ರೇಡಿಯೊ ಅಲೆಯಿಂದ ಪರೀಕ್ಷಿಸುವ) ಯಂತ್ರದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಯಂತ್ರಗಳು ನಮ್ಮಲ್ಲಿ ಆಗಲೇ ಇವೆ. ಆದರೆ ಬಹುಪಾಲು ಯಂತ್ರಗಳ ಹೊತ್ತೆಲ್ಲ ರಸಾಯನಶಾಸ್ತ್ರದ ಸ್ಯಾಂಪಲ್‌ಗಳ ಸರದಿಗೇ ಹೋಗುತ್ತದೆ. ಪಿಎಚ್‌.ಡಿ. ವಿದ್ಯಾರ್ಥಿಗೆ ನಡುವೆ ಸಿಗುವ ಒಂದರ್ಧ ಗಂಟೆಯಲ್ಲಿ ಏನೂ ನಡೆಯದು. ಏಕೆಂದು ಕೆಳಗೆ ಬರೆದಿದ್ದೇವೆ.

ಅತಿ ಸರಳವಾದ ಎರಡು ಕ್ಯೂಬಿಟ್ ಪ್ರಯೋಗವನ್ನೇ ನೋಡಿ. ಕಾರ್ಬನ್-13 ಇರುವ ಕ್ಲೋರೋಫಾರಂ ಅನ್ನು ಡ್ಯುಟೀರಿಯಂ ಅಸಿಟೋನ್‌ನಲ್ಲಿ ಕರಗಿಸಿ 5 ಮಿ.ಮೀ. ಕೊಳವೆಗೆ ತುಂಬುತ್ತಾರೆ. 11.7 ಟೆಸ್ಲಾ ಕಾಂತದಲ್ಲಿ ಹೈಡ್ರೋಜನ್ ಸ್ಪಿನ್ (ಪರಮಾಣು ಬೀಜದ ಪುಟ್ಟ ಕಾಂತಗುಣ; ಇಲ್ಲಿ ಒಂದು ಸ್ಪಿನ್ ಎಂದರೆ ಒಂದು ಕ್ಯೂಬಿಟ್) 500 ಮೆಗಾಹರ್ಟ್ಸ್‌ಗೆ, ಕಾರ್ಬನ್ ಸುಮಾರು 125.7ಕ್ಕೆ ಸ್ಪಂದಿಸುತ್ತವೆ. ಇವೆರಡರ ನಡುವಿನ ಜೆ-ಜೋಡಣೆ, ಅಂದರೆ ಒಂದು ಸ್ಪಿನ್ ಇನ್ನೊಂದರ ಮೇಲೆ ಬೀರುವ ಪ್ರಭಾವ, ಸುಮಾರು 215 ಹರ್ಟ್ಸ್. ಒಂದು ಕ್ಯೂಬಿಟ್ಟಿನ ಸ್ಥಿತಿಗೆ ತಕ್ಕಂತೆ ಇನ್ನೊಂದನ್ನು ತಿರುಗಿಸುವ ಸಿ-ನಾಟ್ ಗೇಟಿಗೆ 1/(2ಜೆ), ಅಂದರೆ ಸುಮಾರು 2.3 ಮಿಲಿಸೆಕೆಂಡು ಬೇಕೇ ಬೇಕು. ಎಷ್ಟೇ ಜಾಣ ಪಲ್ಸ್ (ಸ್ಪಿನ್ ತಿರುಗಿಸುವ ರೇಡಿಯೊ ಅಲೆಯ ಮಿಡಿತ) ಬರೆದರೂ ಅದಕ್ಕಿಂತ ಬೇಗ ಮುಗಿಯದು.

ಪಲ್ಸ್ ಬರೆಯಲು ಹೆಚ್ಚಿನವರು ಬಳಸುವುದು 2005ರಲ್ಲಿ ಬಂದ ಗ್ರೇಪ್ ವಿಧಾನ. ಪಲ್ಸನ್ನು ನೂರಾರು ತುಣುಕು ಮಾಡಿ, ಆರಂಭದಿಂದ ಮುಂದಕ್ಕೂ ಗುರಿಯಿಂದ ಹಿಂದಕ್ಕೂ ಒಮ್ಮೊಮ್ಮೆ ಲೆಕ್ಕ ಹಾಕಿದರೆ, ಪ್ರತಿ ತುಣುಕಿನ ಎತ್ತರ ಮತ್ತು ಫೇಸನ್ನು (ಅಲೆಯ ಹಂತವನ್ನು) ಯಾವ ಕಡೆ ತಿದ್ದಬೇಕೆಂಬುದು ಒಟ್ಟಿಗೇ ಸಿಗುತ್ತದೆ. ಎರಡು ಸ್ಪಿನ್ನಿಗಾದರೆ ಮಾಮೂಲಿ ಲ್ಯಾಪ್‌ಟಾಪ್ ಸಾಕು, 0.999 ಫಿಡೆಲಿಟಿ (ಗುರಿಗೆ ಎಷ್ಟು ಹತ್ತಿರ ಎಂಬ ಅಳತೆ; 1 ಎಂದರೆ ಪೂರ್ಣ) ಪರದೆಯ ಮೇಲೆ ಮೂಡಲು ಹೆಚ್ಚು ಹೊತ್ತು ಹಿಡಿಯದು. ಪ್ರಬಂಧ ಇಲ್ಲಿಗೇ ಮುಗಿಯಿತೆಂದು ಕೆಲವರು ತಿಳಿಯುತ್ತಾರೆ. ಕೆಲಸ ಶುರುವಾಗುವುದೇ ಇಲ್ಲಿಂದ.

ಲೆಕ್ಕದ ಪಲ್ಸ್ ಕೊಳವೆಯ ಸುತ್ತಲಿನ ಕಾಯಿಲ್‌ಗೆ ಹಾಗೇ ತಲುಪುವುದಿಲ್ಲ. ಕಾಯಿಲ್ ಇರುವ ಪ್ರೋಬಿನ ಕ್ಯೂ (ಅನುರಣನದ ತೀಕ್ಷ್ಣತೆ) 200 ಇದ್ದರೆ ಕಾರ್ಬನ್ ಆವರ್ತನದಲ್ಲಿ ಅದು ಹೊಸ ಮಟ್ಟಕ್ಕೆ ಹೊಂದಿಕೊಳ್ಳುವ ಕಾಲಮಾನ ಸುಮಾರು ಅರ್ಧ ಮೈಕ್ರೊಸೆಕೆಂಡು. ತುಣುಕುಗಳನ್ನು 1 ಮೈಕ್ರೊಸೆಕೆಂಡಿಗೆ ಕತ್ತರಿಸಿ, ಒಂದರಿಂದ ಇನ್ನೊಂದಕ್ಕೆ ಹಾರುವಂತೆ ಬಿಟ್ಟರೆ ಮೂಲೆಗಳೆಲ್ಲ ಸವೆದು ಬೇರೆಯದೇ ಪಲ್ಸ್ ಹೊರಡುತ್ತದೆ. ತುಣುಕನ್ನು 5–10 ಮೈಕ್ರೊಸೆಕೆಂಡಿಗೆ ಹಿಗ್ಗಿಸಿ ನಯಗೊಳಿಸಬೇಕು, ಇಲ್ಲವೇ ಪ್ರೋಬಿನ ಸ್ಪಂದನೆಯನ್ನೂ ಲೆಕ್ಕದೊಳಗೆ ತರಬೇಕು. ಆಂಪ್ಲಿಫೈಯರ್ ಕೂಡ ಕೇಳಿದ್ದನ್ನೇ ಕೊಡುವ ಪೈಕಿ ಅಲ್ಲ: ಅರ್ಧ ಎತ್ತರ ಕೇಳಿದರೆ ಸ್ವಲ್ಪ ಹೆಚ್ಚೋ ಕಡಿಮೆಯೋ ಬರುತ್ತದೆ, ಜೊತೆಗೆ ಫೇಸೂ ಜರುಗುತ್ತದೆ. ಕಾಯಿಲ್ ಬಳಿ ಪುಟ್ಟ ಪಿಕಪ್ ಕಾಯಿಲ್ ಇಟ್ಟು ಆಸಿಲೋಸ್ಕೋಪಿನಲ್ಲಿ ನಿಜವಾದ ಪಲ್ಸನ್ನು ನೋಡಿ, ತಿದ್ದಿ, ಮತ್ತೆ ನೋಡಬೇಕು. (ಆಂಪ್ಲಿಫೈಯರಿನ ತಂತಿಯನ್ನು ಬಲ ತಗ್ಗಿಸುವ ಅಟೆನ್ಯುಯೇಟರ್ ಇಲ್ಲದೆ ಆಸಿಲೋಸ್ಕೋಪಿಗೆ ಸಿಕ್ಕಿಸಿದವರು ಹೊಸ ಆಸಿಲೋಸ್ಕೋಪಿಗೆ ಅರ್ಜಿ ಬರೆಯಬೇಕಾಗುತ್ತದೆ.) ಇಷ್ಟಾದರೂ ಕೊಳವೆಯ ಮೇಲೆ ಕೆಳಗೆ ಆರ್‌ಎಫ್ (ರೇಡಿಯೊ ಅಲೆಯ) ಬಲ ಒಂದೇ ಸಮ ಇರುವುದಿಲ್ಲ. ಹಾಗಾಗಿ 0.95, 1.00, 1.05 ಪಟ್ಟು ಬಲಗಳಿಗೆ ಒಟ್ಟಿಗೇ ಹೊಂದುವ ಪಲ್ಸನ್ನು ಹುಡುಕುತ್ತಾರೆ.

ಈಗ ಸಮಯದ ಲೆಕ್ಕ. ಕೊಳವೆ ಇಳಿಸಿದ ಮೇಲೆ ಉಷ್ಣಾಂಶ ನೆಲೆಗೊಳ್ಳಬೇಕು; ಎರಡೂ ಚಾನೆಲ್ ಟ್ಯೂನ್ ಮಾಡಿ, ಕಾಂತಕ್ಷೇತ್ರ ಜರುಗದಂತೆ ಲಾಕ್ ಹಿಡಿದು, ಗೆರೆಯ ಅಗಲ 1 ಹರ್ಟ್ಸ್‌ಗಿಂತ ಕೆಳಗಿಳಿಯುವವರೆಗೆ ಶಿಮ್ ಮಾಡಬೇಕು, ಅಂದರೆ ಕಾಂತಕ್ಷೇತ್ರವನ್ನು ಸಮಗೊಳಿಸಬೇಕು. 90 ಡಿಗ್ರಿ ಪಲ್ಸಿನ ಅಳತೆಯನ್ನು 360 ಡಿಗ್ರಿಯಲ್ಲಿ ಸಿಗ್ನಲ್ ಶೂನ್ಯವಾಗುವ ಬಿಂದುವಿನಿಂದ ಹಿಡಿಯಬೇಕು. ಪ್ರೋಟಾನಿನ (ಹೈಡ್ರೋಜನ್ ಬೀಜದ) ಟಿ1, ಅಂದರೆ ಸ್ಪಿನ್ ಮೊದಲಿನ ಸ್ಥಿತಿಗೆ ಮರಳುವ ಕಾಲಮಾನ, 18 ಸೆಕೆಂಡು ಇದ್ದರೆ ಪ್ರತಿ ಸ್ಕ್ಯಾನಿಗೂ ಅದರ ಐದು ಪಟ್ಟು, 90 ಸೆಕೆಂಡು ಕಾಯಬೇಕು. ಆರ್‌ಎಫ್ ಬಲಕ್ಕೆ 11 ಮತ್ತು ಆವರ್ತನದ ಜರುಗಿಗೆ 11 ಬಿಂದು ಇಟ್ಟು ಪಲ್ಸಿನ ತಾಳಿಕೆ ಪರೀಕ್ಷಿಸಿದರೆ 121 ಸ್ಕ್ಯಾನ್, ಅಂದರೆ ಮೂರು ಗಂಟೆ. ಅದೂ ಒಂದು ಪಲ್ಸಿಗೆ. ಅರ್ಧ ಗಂಟೆಯಲ್ಲಿ ಶಿಮ್ ಮುಗಿದರೆ ಅದೇ ದೊಡ್ಡದು.

ಎನ್‌ಎಂಆರ್ ಕ್ವಾಂಟಂ ಹಳೆಯ ಕಥೆ ಎಂಬ ಆಕ್ಷೇಪದಲ್ಲಿ ಅರ್ಧ ನಿಜವಿದೆ. ಕೋಣೆಯ ಉಷ್ಣಾಂಶದಲ್ಲಿ 500 ಮೆಗಾಹರ್ಟ್ಸ್ ಪ್ರೋಟಾನಿನ ಧ್ರುವೀಕರಣ (ಒಂದು ದಿಕ್ಕಿಗೆ ವಾಲಿದ ಸ್ಪಿನ್‌ಗಳ ಹೆಚ್ಚುವರಿ ಪಾಲು) ಲಕ್ಷಕ್ಕೆ ನಾಲ್ಕರಷ್ಟೇ; ಸ್ಪಿನ್ ಹೆಚ್ಚಿಸಿದಂತೆ ಸಿಗ್ನಲ್ ಕರಗುತ್ತದೆ. ಈ ದಾರಿಯಲ್ಲಿ ದೊಡ್ಡ ಕಂಪ್ಯೂಟರ್ ಬರದು. ಆದರೆ 2001ರಲ್ಲಿ ಏಳು ಸ್ಪಿನ್‌ಗಳ ಅಣುವಿನಲ್ಲಿ 15ನ್ನು ಅಪವರ್ತಿಸಿ ತೋರಿಸಿದ್ದು ಇದೇ ತಂತ್ರ, ಸುಮಾರು 300 ಪಲ್ಸ್‌ಗಳಿಂದ. ಇಲ್ಲಿ ಹುಟ್ಟಿದ ಗ್ರೇಪ್ ಇಂದು ವಜ್ರದ ದೋಷಕೇಂದ್ರಗಳಲ್ಲೂ ಅತಿವಾಹಕ ಕ್ಯೂಬಿಟ್‌ಗಳಲ್ಲೂ ದುಡಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನಿಲ್ ಕುಮಾರ್ ಅವರ ತಂಡ 2000ದ ಹೊತ್ತಿಗೇ ಎನ್‌ಎಂಆರ್‌ನಲ್ಲಿ ಡಾಯ್ಚ್-ಜೋಸಾ ಎಂಬ ಆರಂಭಿಕ ಕ್ವಾಂಟಂ ಅಲ್ಗಾರಿದಂ ನಡೆಸಿತ್ತು. ಈಗ ಮಿಷನ್ನಿನ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರವೂ ಅಲ್ಲೇ ಇದೆ.

ನಮ್ಮ ಕೋರಿಕೆ ಇಷ್ಟು. ಎನ್‌ಎಂಆರ್ ಇರುವ ವಿಶ್ವವಿದ್ಯಾಲಯಗಳು ವಾರಾಂತ್ಯದ ಎರಡು ರಾತ್ರಿಗಳನ್ನು ಇಡಿಯಾಗಿ ನಿಯಂತ್ರಣ ಪ್ರಯೋಗಗಳಿಗೆ ಮೀಸಲಿಡಲಿ. ಆರ್‌ಎಫ್ ಬಲ ಮತ್ತು ಪಲ್ಸಿನ ಉದ್ದಕ್ಕೆ ಮಿತಿ ಬರೆದು ಅಂಟಿಸಿದರೆ ಪ್ರೋಬ್ ಸುಡುವ ಭಯವೂ ಕಡಿಮೆ. ಯೋಜನೆಗೆ ಹಣ ಕೊಡುವವರು ಕಾಂತವನ್ನು ತಣ್ಣಗಿಡುವ ದ್ರವ ಹೀಲಿಯಂ ಖರ್ಚನ್ನು ಪ್ರತ್ಯೇಕ ಬಾಬತ್ತಾಗಿ ತೋರಿಸಲಿ. ಹೀಲಿಯಂ ಮಟ್ಟ ಕುಸಿದು ಕಾಂತ ಕ್ವೆಂಚ್ ಆದರೆ, ಅಂದರೆ ಅತಿವಾಹಕತೆ ಕಳೆದುಕೊಂಡರೆ, ರಸಾಯನಶಾಸ್ತ್ರದವರ ಸರದಿಯೂ ನಿಲ್ಲುತ್ತದೆ. ಪ್ರಬಂಧ ಪರೀಕ್ಷಕರು ಲೆಕ್ಕದ ಪಲ್ಸಿನ ಪಕ್ಕದಲ್ಲಿ ಕಾಯಿಲ್‌ನಲ್ಲಿ ಅಳೆದ ಪಲ್ಸಿನ ಚಿತ್ರವನ್ನೂ ಕೇಳಲಿ.

– ಎನ್‌ಎಂಆರ್ ಸಂಶೋಧನೆಯಲ್ಲಿ ತೊಡಗಿರುವ ಇಬ್ಬರು, ಬೆಂಗಳೂರು